ರೂಢಿಯಾದ ಘಾಟು

ಹಂಗಾಮಿನ ದಿನಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹೊಸಬರನ್ನು ಗುರುತಿಸುವುದು ಬಹಳ ಸುಲಭ. ಅವರು ಸೀನುತ್ತಿರುತ್ತಾರೆ. ನಾನೂ ಸೀನಿದೆ, ಕೆಮ್ಮಿದೆ, ಕಣ್ಣೊರೆಸಿಕೊಂಡೆ. ಎರಡು ಮಾರು ದೂರದಲ್ಲಿ ಕೆಂಪು ರಾಶಿಗೆ ಆತು ಕೂತು ತೊಟ್ಟು ಬಿಡಿಸುತ್ತಿದ್ದ ಹೆಣ್ಣುಮಕ್ಕಳು ಆರಾಮಾಗಿ ಹರಟುತ್ತಿದ್ದರು. ನನ್ನ ಫಜೀತಿ ನೋಡಿ ನಕ್ಕ ಒಬ್ಬ ಅಕ್ಕ, ‘ನಿಮಗ ಹೊಸದರಿ, ನಮಗ ರೂಢಿ ಆಗೇತಿ’ ಅಂದರು.

ರೂಢಿ ಎನ್ನುವುದು ಬರೀ ಬಾಯಿಮಾತಲ್ಲ, ಅದಕ್ಕೆ ನರಗಳಲ್ಲಿ ಒಂದು ವಿಳಾಸವಿದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಅದು ನಮ್ಮ ನೋವಿನ ನರಗಳ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಬಾಗಿಲನ್ನು ತೆರೆಯುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ತೆರೆದುಕೊಳ್ಳುವುದು ಇದೇ ಬಾಗಿಲು. ಅದಕ್ಕೇ ಖಾರ ‘ಉರಿ’ಯುತ್ತದೆ. ಇದನ್ನು 1997ರಲ್ಲಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಬ್ಯಾಡಗಿ ಕಾಯಿ ಹೆಸರಾಗಿರುವುದು ಬಣ್ಣಕ್ಕೆ, ಅದರ ಖಾರ ಕಡಿಮೆ. ಆದರೂ ರಾಶಿಗಟ್ಟಲೆ ಕೆದರಿದಾಗ ಏಳುವ ಘಾಟಿಗೆ ಇಷ್ಟು ಸಾಕು. ಒಂದೇ ಸಮನೆ ಬಡಿಯುತ್ತಿದ್ದರೆ ಈ ಬಾಗಿಲು ಮೊದಲಿನಂತೆ ಓಗೊಡುವುದನ್ನು ನಿಲ್ಲಿಸುತ್ತದೆ. ಮೊಣಕಾಲು ನೋವಿಗೆ ಹಚ್ಚುವ ಕ್ಯಾಪ್ಸೈಸಿನ್ ಮುಲಾಮಿನ ಗುಟ್ಟೂ ಇಷ್ಟೇ.

ಅಂದರೆ ಆ ಅಕ್ಕನ ಮಾತು ನಿಜ. ಆದರೆ ರೂಢಿಯಾದದ್ದು ನರಕ್ಕೆ. ದೂಳು ಮೊದಲಿನಷ್ಟೇ ಏಳುತ್ತದೆ, ಮೊದಲಿನಷ್ಟೇ ಮೂಗಿನೊಳಗೆ ಹೋಗುತ್ತದೆ. ಬರುವುದು ನಿಂತಿಲ್ಲ, ಬಾಗಿಲ ಗಂಟೆ ಕೆಟ್ಟಿದೆ.

ಕಾರ್ಖಾನೆಯ ಗೋಡೆಗೆ ಅಂಟಿಸಿದ ಸುರಕ್ಷತಾ ಪಟ್ಟಿಗಳು ಅಪಾಯಗಳನ್ನು ಮೂಲ ನೋಡಿ ವಿಂಗಡಿಸುತ್ತವೆ: ಭೌತಿಕ, ರಾಸಾಯನಿಕ, ಜೈವಿಕ, ಯಂತ್ರದ್ದು, ಮೈ ಬಗ್ಗಿಸುವುದು–ಭಾರ ಹೊರುವುದರದ್ದು, ಮನಸ್ಸಿನದ್ದು. ಜೊತೆಗೆ ಇನ್ನೊಂದು ಪಾಠವನ್ನೂ ಹೇಳುತ್ತವೆ: ಕೆಡುಕು ಮಾಡಬಲ್ಲ ವಸ್ತು ಬೇರೆ, ಅದು ನಿಮ್ಮನ್ನು ತಲುಪುವ ಸಂಭವ ಬೇರೆ. ಚೀಲದಲ್ಲಿ ಕಟ್ಟಿಟ್ಟ ಮೆಣಸಿನಕಾಯಿಗೂ ಗಾಳಿಗೆ ತೂರಿದ ಮೆಣಸಿನಕಾಯಿಗೂ ಇರುವ ವ್ಯತ್ಯಾಸ ಅದು. ಇದೆಲ್ಲ ಸರಿಯೇ. ನನ್ನ ತಕರಾರು ಒಂದೇ, ಈ ಪಟ್ಟಿಯಲ್ಲಿ ಆ ಬಾಗಿಲ ಗಂಟೆಯ ಲೆಕ್ಕ ಇಲ್ಲ. ಯಾವ ಅಪಾಯ ಗಂಟೆ ಬಾರಿಸುತ್ತದೆ, ಯಾವುದು ಕೆಲ ದಿನ ಬಾರಿಸಿ ಸುಮ್ಮನಾಗುತ್ತದೆ, ಯಾವುದು ಬಾರಿಸುವುದೇ ಇಲ್ಲ ಎಂದೂ ಕೇಳಬೇಕು.

ಹತ್ತಿಯನ್ನೇ ತೆಗೆದುಕೊಳ್ಳಿ. ಹುಬ್ಬಳ್ಳಿ, ಅಣ್ಣಿಗೇರಿ, ಗದಗ ಸೀಮೆಯ ಎರೆಭೂಮಿಗೆ ಹತ್ತಿ ಹೊಸದಲ್ಲ, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನೂ ಹೊಸದಲ್ಲ. ಒಂದು ಜಿನ್ನಿನೊಳಗೆ ನಿಂತರೆ ಪಟ್ಟಿಯ ಹೆಚ್ಚುಕಡಿಮೆ ಎಲ್ಲ ಖಾನೆಗಳೂ ಒಂದೇ ಸೂರಿನಡಿ ಸಿಗುತ್ತವೆ. ರೋಲರಿನ ಸಂದಿಗೆ ಬೆರಳು ಸಿಕ್ಕರೆ ಅದು ಯಂತ್ರದ ಖಾನೆ. ಅಂಡಿಗೆ ಹೊತ್ತು ಬಾಗಿದ ಹಮಾಲರ ನಡ ಭಾರದ ಖಾನೆ. ಯಂತ್ರಗಳ ಗದ್ದಲ ಭೌತಿಕ ಖಾನೆ. ನಮ್ಮ ದೇಶದಲ್ಲಿ ಎಂಟು ತಾಸಿನ ಪಾಳಿಗೆ 90 ಡೆಸಿಬಲ್ ಮಿತಿ ಎಂದಿದೆ. 93 ಆದರೆ ‘ಬರೀ ಮೂರು ಹೆಚ್ಚು’ ಅನ್ನುವಂತಿಲ್ಲ, ಕಿವಿಗೆ ಬೀಳುವ ಶಕ್ತಿ ಅಲ್ಲಿಗೆ ದುಪ್ಪಟ್ಟು. ಸಂಜೆ ಕಿವಿ ಗುಂಯ್ ಎನ್ನುತ್ತದೆ, ಬೆಳಿಗ್ಗೆ ಸರಿಹೋಗುತ್ತದೆ. ಹಾಗೆ ಸರಿಹೋಗುವುದೇ ಮೋಸ, ಏಕೆಂದರೆ ಒಳಗಿವಿಯ ಕೂದಲ ಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಇನ್ನು ದೂಳು. ಹತ್ತಿಯ ದೂಳಿನಿಂದ ಬರುವ ಕಾಯಿಲೆಗೆ ಬಿಸಿನೋಸಿಸ್ ಎಂದು ಹೆಸರು. ನೂಲಿನ ಗಿರಣಿಯಲ್ಲಿ ಹತ್ತಿಯ ಎಳೆ ಬಿಡಿಸುವ ಕಾರ್ಡಿಂಗ್ ಕೋಣೆ ಇದಕ್ಕೆ ಕುಖ್ಯಾತ, ಆದರೆ ಜಿನ್ನಿನ ದೂಳೂ ನಿರುಪದ್ರವಿಯಲ್ಲ. ಇದರ ಸೋಜಿಗ ಇರುವುದು ವಾರದ ಲೆಕ್ಕದಲ್ಲಿ. ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಬಂದವರಿಗೆ ಕೆಲ ತಾಸುಗಳಲ್ಲಿ ಎದೆ ಬಿಗಿಯುತ್ತದೆ. ಮಂಗಳವಾರ ಸ್ವಲ್ಪ ಹಗುರ, ವಾರ ಸಾಗಿದಂತೆ ಇನ್ನೂ ಹಗುರ. ‘ಕೆಲಸ ಮಾಡ್ತಾ ಮಾಡ್ತಾ ಮೈ ಸರಿಹೋಯಿತು’ ಎಂದು ಯಾರಿಗಾದರೂ ಅನ್ನಿಸಬೇಕಾದ್ದೇ. ವರ್ಷಗಳು ಕಳೆದಂತೆ ಸೋಮವಾರದ ಬಿಗಿತ ಮಂಗಳವಾರಕ್ಕೂ ಹಬ್ಬಿ, ಕೊನೆಗೆ ಇಡೀ ವಾರವನ್ನು ಹಿಡಿಯುತ್ತದೆ. ರಿಚರ್ಡ್ ಶಿಲ್ಲಿಂಗ್ ಎಂಬ ಬ್ರಿಟಿಷ್ ವೈದ್ಯರು ಕಾಯಿಲೆಯ ಹಂತಗಳನ್ನು ಗುರುತಿಸಿದ್ದೂ ಇದೇ ಲೆಕ್ಕದ ಮೇಲೆ. ಹಂಗಾಮಿನಲ್ಲಿ ವಾರದ ರಜೆಯೇ ಇಲ್ಲದೆ ದುಡಿಯುವವರಿಗೆ ಸೋಮವಾರವೂ ಇಲ್ಲ, ಸುಳಿವೂ ಇಲ್ಲ!

ಈ ದೂಳನ್ನು ಯಾವ ಖಾನೆಗೆ ಹಾಕುವುದು? ನೋಡುವುದಕ್ಕೆ ಬರೀ ದೂಳು. ಆದರೆ ಶ್ವಾಸನಾಳವನ್ನು ಕೆರಳಿಸುವುದರಲ್ಲಿ ದೊಡ್ಡ ಪಾಲು ಹತ್ತಿಯ ತೊಪ್ಪಲಿಗೆ, ಸಿಪ್ಪೆಗೆ ಅಂಟಿ ಬಂದ ಬ್ಯಾಕ್ಟೀರಿಯಾಗಳ ಹೊರಕವಚದ ವಿಷದ್ದು ಎನ್ನುತ್ತದೆ ವಿಜ್ಞಾನ. ಹಾಗಾದರೆ ಜೈವಿಕವೇ? ಪರೀಕ್ಷೆಯಲ್ಲಿ ಎರಡಂಕದ ಪ್ರಶ್ನೆ ಇದ್ದಂತೆ ಇದಕ್ಕೆ ಜಗಳಾಡುವ ಬದಲು, ಕಸ ಕಡಿಮೆ ಇರುವ ಹತ್ತಿ ಬಿಡಿಸಿ ತಂದರೆ ದೂಳಿನ ವಿಷವೂ ಕಡಿಮೆ ಎಂಬ ಉಪಾಯ ಅದರಿಂದ ಸಿಗುತ್ತದಲ್ಲ, ಅದು ದೊಡ್ಡದು.

ಗಂಟೆಯೇ ಇಲ್ಲದ ಅಪಾಯಕ್ಕೆ ಗದಗಿಗೆ ಹೋಗಬೇಕು. ಮುದ್ರಣಕ್ಕೆ ಹೆಸರಾದ ಊರದು. ಆಫ್‌ಸೆಟ್ ಬರುವ ಮೊದಲು ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಜೋಡಿಸುತ್ತಿದ್ದರು. ಮೊಳೆ ಎಂದರೆ ಸೀಸ, ಅದಕ್ಕೆ ಬೆರೆಸಿದ ಆಂಟಿಮನಿ ಮತ್ತು ತವರ. ಸೀಸಕ್ಕೆ ಘಾಟಿಲ್ಲ, ಉರಿಯಿಲ್ಲ, ವಾಸನೆಯಿಲ್ಲ. ಮೊಳೆ ಮುಟ್ಟಿದ ಕೈಯಲ್ಲೇ ಎಲೆಅಡಿಕೆ ಹಾಕಿಕೊಂಡರೆ ಸಾಕು, ಒಳಗೆ ಹೋಗುತ್ತದೆ. ದೇಹ ಅದನ್ನು ಸುಣ್ಣದ ಅಂಶವೆಂದು ಮೋಸಹೋಗಿ ಮೂಳೆಯಲ್ಲಿ ದಶಕಗಟ್ಟಲೆ ಕೂಡಿಡುತ್ತದೆ. ರಕ್ತಹೀನತೆ ಬರುವುದು, ಹೊಟ್ಟೆ ಹಿಂಡುವುದು, ಮಣಿಕಟ್ಟು ಜೋತುಬೀಳುವುದು ಆಮೇಲಿನ ಮಾತು. 1948ರ ಕಾರ್ಖಾನೆ ಕಾಯ್ದೆ, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಮೊದಲಿಗೆ ಬರೆದದ್ದು ಸೀಸದ ವಿಷವನ್ನೇ. ಆದರೆ ಮೊಳೆಗಳನ್ನು ಮೂಲೆಗೆ ತಳ್ಳಿದ್ದು ಕಾಯ್ದೆಯಲ್ಲ, ಆಫ್‌ಸೆಟ್ಟಿನ ವೇಗ. ಸೀಸ ಹೋದ ಜಾಗಕ್ಕೆ ರೋಲರ್ ಒರೆಸುವ ದ್ರಾವಕಗಳ ಆವಿ ಬಂತು. ಕೈಯಿಂದ ಬಾಯಿಗೆ ಹೋಗುತ್ತಿದ್ದ ಅಪಾಯ ಈಗ ಮೂಗಿನ ದಾರಿ ಹಿಡಿಯಿತು. ತಿಂಡಿಗೆ ಮುಂಚೆ ಸಾಬೂನಿನಲ್ಲಿ ಕೈ ತೊಳೆಯುವುದು ಹಳೆಯದಕ್ಕೆ ಮದ್ದಾಗಿತ್ತು, ಹೊಸದಕ್ಕೆ ಕಿಟಕಿ ತೆಗೆಯಬೇಕು.

ವಿಂಗಡಣೆಯ ನಿಜವಾದ ಉಪಯೋಗ ಇಂಥಲ್ಲಿದೆ. ಮೂಗಿಗೆ ಕಟ್ಟಿದ ಸೆರಗು ಮೆಣಸಿನಕಾಯಿಯ ದಪ್ಪ ದೂಳನ್ನು ಒಂದಿಷ್ಟು ತಡೆದೀತು. ಅದೇ ಬ್ಯಾಡಗಿಯಲ್ಲಿ ಕಾಯಿಯ ಬಣ್ಣ ಮಾಸದಂತೆ ಕಾಯುವ ಶೀತಲಗೃಹಗಳಿವೆ. ದೊಡ್ಡ ಶೀತಲಗೃಹಗಳನ್ನು ತಂಪಾಗಿಡುವುದು ಸಾಮಾನ್ಯವಾಗಿ ಅಮೋನಿಯಾ. ಅದು ಸೋರಿದರೆ ಸೆರಗೂ ಅಷ್ಟೇ, ದೂಳಿನ ಮಾಸ್ಕೂ ಅಷ್ಟೇ, ಎರಡೂ ಇಲ್ಲದಂತೆಯೇ. ಅಮೋನಿಯಾ ಜೋರಾಗಿಯೇ ಗಂಟೆ ಬಾರಿಸುತ್ತದೆ, ನಿಜ. ಆದರೆ ಸಣ್ಣ ಸೋರಿಕೆಯ ನಡುವೆ ದಿನವೂ ಓಡಾಡುವ ಮೂಗು ಅದಕ್ಕೂ ಒಗ್ಗಿಕೊಳ್ಳುತ್ತದೆ. ಹೊರಗಿನಿಂದ ಬಂದವರು ‘ಏನೋ ವಾಸನೆ’ ಎಂದರೆ ಒಳಗಿನವರು ನಂಬಬೇಕು.

ಪೇಟೆಯಿಂದ ಹೊರಡುವ ಮುನ್ನ ಆ ಅಕ್ಕನನ್ನು ಕೇಳಿದೆ, ನಿಮಗೆ ಯಾವತ್ತೂ ಸೀನೇ ಬರುವುದಿಲ್ಲವೇ ಎಂದು. ತೊಟ್ಟು ಬಿಡಿಸುವ ಕೈ ನಿಲ್ಲಿಸದೆ ಹೇಳಿದರು: ‘ಬರತಾವ್ರಿ. ಹಬ್ಬಕ್ಕ ತೌರಿಗೆ ಹೋಗಿ ನಾಕ್ ದಿನ ಇದ್ದು ಬರತೀವಿ ನೋಡ್ರಿ, ಮೊದಲನೇ ದಿನ ನಾವೂ ನಿಮ್ಮಂಗ.’