ಲಿವಿಯಾ ಅಗಸ್ಟಸ್‌ಗೆ ವಿಷ ಹಾಕಿದ್ಲಾ?

ಓದುಗರ ಪ್ರಶ್ನೆ: ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್‌ನನ್ನು ಹೆಂಡತಿ ಲಿವಿಯಾನೇ ಅಂಜೂರಕ್ಕೆ ವಿಷ ಸವರಿ ಕೊಂದಳಂತೆ. ತನ್ನ ಮೊದಲ ಮದುವೆಯ ಮಗ ಟೈಬೀರಿಯಸ್‌ಗೆ ಪಟ್ಟ ಕಟ್ಟಲು ಅಡ್ಡ ಬಂದವರನ್ನೆಲ್ಲ ಹೀಗೇ ಮುಗಿಸಿದಳಂತೆ. ನಿಜಾನಾ?

ಉತ್ತರ: ಅಲ್ಲ. ಹಾಗೆ ನಂಬಲು ಒಂದೇ ಒಂದು ಗಟ್ಟಿ ಆಧಾರ ಇಲ್ಲ. ರೋಮ್‌ನ ಅರಮನೆಯ ಹೆಂಗಸರ ಬಗ್ಗೆ ಏನೇ ಬರೆದರೂ ಕೊನೆಗೆ ಬರುವುದು ಇದೇ ಪ್ರಶ್ನೆ. ಹೇಳಿದ್ದನ್ನೇ ಹೇಳಿ ನನಗೂ ಸಾಕಾಗಿದೆ. ಈ ಸಲ ಅರ್ಧಕ್ಕೆ ಬಿಡದೆ ಪೂರ್ತಿ ಹೇಳಿಬಿಡುತ್ತೇನೆ.

ಅಗಸ್ಟಸ್ ತೀರಿಕೊಂಡಿದ್ದು ಕ್ರಿ.ಶ. 14ರ ಆಗಸ್ಟ್ 19ರಂದು, ನೇಪಲ್ಸ್ ಹತ್ತಿರದ ನೋಲಾ ಊರಿನಲ್ಲಿ. ಅಂಜೂರದ ಕತೆ ಬರೆದವನು ಇತಿಹಾಸಕಾರ ಕ್ಯಾಸಿಯಸ್ ಡಿಯೊ. ಅವನು ಬರೆದಿದ್ದು ಮೂರನೇ ಶತಮಾನದಲ್ಲಿ, ಅಂದರೆ ಹತ್ತಿರ ಹತ್ತಿರ 200 ವರ್ಷ ಕಳೆದ ಮೇಲೆ. ಅವನು ಹೇಳುವುದು ಹೀಗೆ: ಅಗಸ್ಟಸ್‌ಗೆ ತಾನೇ ಮರದಿಂದ ಅಂಜೂರ ಕಿತ್ತು ತಿನ್ನುವ ಅಭ್ಯಾಸ ಇತ್ತು. ಲಿವಿಯಾ ಮರದಲ್ಲಿದ್ದ ಹಣ್ಣಿಗೇ ವಿಷ ಸವರಿದಳು. ಸವರದ ಹಣ್ಣನ್ನು ತಾನು ತಿಂದು, ಸವರಿದ್ದನ್ನು ಗಂಡನಿಗೆ ಕೊಟ್ಟಳು. ಇಷ್ಟು ಬರೆದವನು ತಕ್ಷಣ ‘ಇದರಿಂದಲೋ, ಬೇರೆ ಕಾರಣದಿಂದಲೋ’ ಅವನು ಕಾಯಿಲೆ ಬಿದ್ದ ಅಂತ ಸೇರಿಸುತ್ತಾನೆ. ಕತೆ ಹೇಳಿದವನೇ ಅದಕ್ಕೆ ಜಾಮೀನು ನಿಲ್ಲಲು ತಯಾರಿಲ್ಲ!

ಡಿಯೊಗಿಂತ ಮುಂಚೆ ಬರೆದವನು ಟ್ಯಾಸಿಟಸ್. ಘಟನೆ ನಡೆದು ಸುಮಾರು 100 ವರ್ಷದ ಮೇಲೆ. ಅವನಿಗೆ ಲಿವಿಯಾಳನ್ನು ಕಂಡರೆ ಆಗುತ್ತಿರಲಿಲ್ಲ. ಆದರೂ ಹೆಂಡತಿಯ ಮೇಲೆ ಕೆಲವರಿಗೆ ಅನುಮಾನ ಇತ್ತು ಅಂತಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಅಂಜೂರದ ಸುದ್ದಿಯೇ ಅಲ್ಲಿಲ್ಲ.

ಈಗ ಸ್ವೆಟೋನಿಯಸ್‌ನನ್ನು ನೋಡಿ. ಎರಡನೇ ಶತಮಾನದಲ್ಲಿ ಹೇಡ್ರಿಯನ್ ಚಕ್ರವರ್ತಿಯ ಪತ್ರ ವ್ಯವಹಾರ ನೋಡಿಕೊಳ್ಳುತ್ತಿದ್ದವನು. ಅಗಸ್ಟಸ್ ಸ್ವಂತ ಕೈಯಿಂದ ಬರೆದ ಪತ್ರಗಳನ್ನು ಕಣ್ಣಾರೆ ನೋಡಿದವನು. ಅರಮನೆಯ ಗುಸುಗುಸು ಕಿವಿಗೆ ಬಿದ್ದರೆ ಬಿಡುವ ಜಾಯಮಾನವೂ ಅವನದಲ್ಲ. ಅಂಥವನು ಅಗಸ್ಟಸ್‌ನ ಕೊನೆಯ ದಿನಗಳನ್ನು ಬಿಡಿಸಿ ಬಿಡಿಸಿ ಬರೆದಿದ್ದಾನೆ. ಪ್ರಯಾಣ ಶುರುವಾದಾಗಲೇ ಹೊಟ್ಟೆ ಕೆಟ್ಟು ಭೇದಿ ಹಿಡಿದಿತ್ತು. ಆಮೇಲೆ ಕ್ಯಾಪ್ರಿ ದ್ವೀಪದಲ್ಲಿ ನಾಲ್ಕು ದಿನ ವಿಶ್ರಾಂತಿ. ನೇಪಲ್ಸ್‌ನಲ್ಲಿ ಆಟೋಟ ನೋಡಿ, ಬೆನೆವೆಂಟಮ್‌ವರೆಗೂ ಟೈಬೀರಿಯಸ್‌ನನ್ನು ಬೀಳ್ಕೊಡಲು ಹೋದ. ವಾಪಸ್ ಬರುವಾಗ ಕಾಯಿಲೆ ಜಾಸ್ತಿಯಾಗಿ ನೋಲಾದಲ್ಲಿ ಮಲಗಿದ. ಕೊನೆಯ ದಿನ ಕನ್ನಡಿ ತರಿಸಿ ತಲೆ ಬಾಚಿಸಿಕೊಂಡ. ಕೊನೆಯ ಮಾತು ಹೆಂಡತಿಗೆ: ‘ಲಿವಿಯಾ, ನಮ್ಮ ದಾಂಪತ್ಯವನ್ನು ನೆನಪಿಟ್ಟುಕೊಂಡು ಬಾಳು. ಹೋಗಿಬರುತ್ತೇನೆ.’ ಮದುವೆಯಾಗಿ 51 ವರ್ಷ ಕಳೆದಿತ್ತು. ಅವನಿಗೆ 76 ತುಂಬಲು ಒಂದು ತಿಂಗಳು ಬಾಕಿ. ವಿಷದ ಮಾತು ಇಡೀ ವಿವರದಲ್ಲಿ ಎಲ್ಲೂ ಇಲ್ಲ.

ಹಾಗಾದರೆ ಕತೆಯಲ್ಲಿ ಅಂಜೂರವೇ ಯಾಕೆ ಬಂತು? ಅದಕ್ಕೂ ಉತ್ತರ ಸ್ವೆಟೋನಿಯಸ್ ಹತ್ತಿರವೇ ಇದೆ. ಅಗಸ್ಟಸ್‌ನ ಊಟ ತುಂಬಾ ಸರಳ: ಒರಟು ರೊಟ್ಟಿ, ಸಣ್ಣ ಮೀನು, ಹಸಿ ಗಿಣ್ಣು, ವರ್ಷಕ್ಕೆ ಎರಡು ಬೆಳೆ ಕೊಡುವ ಮರದ ಹಸಿರು ಅಂಜೂರ. ಅವನಿಗೆ ಅಂಜೂರ ಇಷ್ಟ ಅನ್ನುವುದು ಜನರಿಗೆ ಗೊತ್ತಿದ್ದ ವಿಷಯ. ಕತೆ ಕಟ್ಟುವವರಿಗೆ ಅಷ್ಟು ಸಾಕು.

ಕಾರಣವನ್ನಾದರೂ ಯೋಚಿಸಿ. ಟೈಬೀರಿಯಸ್‌ನನ್ನು ಅಗಸ್ಟಸ್ ದತ್ತು ತೆಗೆದುಕೊಂಡು ಆಗಲೇ ಹತ್ತು ವರ್ಷ ಆಗಿತ್ತು. ಹಿಂದಿನ ವರ್ಷವೇ ಪ್ರಾಂತ್ಯಗಳ ಮೇಲೆ ತನ್ನಷ್ಟೇ ಅಧಿಕಾರವನ್ನೂ ಕೊಡಿಸಿದ್ದ. ಹಾಸಿಗೆ ಹಿಡಿದ ಮುದುಕನನ್ನು ಕೊಂದು ಲಿವಿಯಾಗೆ ಹೊಸದಾಗಿ ಸಿಗುವುದು ಏನಿತ್ತು?

ಇನ್ನು ಅಡ್ಡ ಬಂದವರ ಪಟ್ಟಿ. ಅಗಸ್ಟಸ್‌ನ ಅಳಿಯ ಮಾರ್ಸೆಲಸ್ ಸತ್ತಿದ್ದು ಕ್ರಿ.ಪೂ. 23ರಲ್ಲಿ. ಅದೇ ವರ್ಷ ಅಗಸ್ಟಸ್ ಕೂಡ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದ. ಆ ಕಾಲದಲ್ಲಿ ಕಾಯಿಲೆಯಿಂದ ಸಿಕ್ಕಾಪಟ್ಟೆ ಜನ ಸತ್ತರು ಅಂತ ಡಿಯೊನೇ ಬರೆಯುತ್ತಾನೆ. ಮೊಮ್ಮಗ ಲೂಸಿಯಸ್ ಸತ್ತಿದ್ದು ಕ್ರಿ.ಶ. 2ರಲ್ಲಿ, ಸ್ಪೇನ್‌ಗೆ ಹೋಗುವ ದಾರಿಯಲ್ಲಿ, ಈಗಿನ ಮಾರ್ಸೇ ಊರಿನಲ್ಲಿ. ಇನ್ನೊಬ್ಬ ಮೊಮ್ಮಗ ಗೈಯಸ್‌ಗೆ ಅರ್ಮೇನಿಯಾದ ಒಂದು ಕೋಟೆಯ ಮುತ್ತಿಗೆಯಲ್ಲಿ ಗಾಯವಾಯಿತು. ಅದು ವಾಸಿಯಾಗದೆ ಅವನು ಕ್ರಿ.ಶ. 4ರಲ್ಲಿ ಈಗಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿ ಸತ್ತ. ಲಿವಿಯಾ ಇದ್ದಿದ್ದು ರೋಮ್‌ನಲ್ಲಿ. ಆಕೆಯ ಸ್ವಂತ ಕಿರಿಮಗ ಡ್ರೂಸಸ್ ಕೂಡ ಕ್ರಿ.ಪೂ. 9ರಲ್ಲಿ ಜರ್ಮನಿಯಲ್ಲಿ ಕುದುರೆಯ ಅಪಘಾತದಿಂದ ತೀರಿಕೊಂಡ. ವಿಷದ ಪಟ್ಟಿ ಮಾಡುವವರು ಈ ಸಾವನ್ನು ಮಾತ್ರ ಮರೆತುಬಿಡುತ್ತಾರೆ. ಅಗ್ರಿಪ್ಪ ಪೋಸ್ಟುಮಸ್ ಅನ್ನುವ ಕೊನೆಯ ಮೊಮ್ಮಗನನ್ನು ಕೊಂದಿದ್ದು ನಿಜ. ಆದರೆ ಕೊಂದವನು ಕಾವಲಿಗಿದ್ದ ಸೈನಿಕ, ಬಳಸಿದ್ದು ಕತ್ತಿ. ಅಪ್ಪಣೆ ಕೊಟ್ಟವರು ಯಾರು ಅಂತ ಆಗಿನವರೇ ಜಗಳ ಆಡುತ್ತಿದ್ದರು.

ನಮಗೆ ಕೈಕೇಯಿ ಗೊತ್ತಿದ್ದಾಳೆ, ಅಲ್ವಾ? ಸ್ವಂತ ಮಗನಿಗೆ ಪಟ್ಟ, ಸವತಿಯ ಮಗನಿಗೆ ಕಾಡು. ರೋಮನ್ನರ ಮನಸ್ಸಿನಲ್ಲಿ ಮಲತಾಯಿಯ ಚಿತ್ರ ಇನ್ನೂ ಕೆಟ್ಟದಾಗಿತ್ತು. ಭಾಷಣ ಕಲಿಸುವ ಶಾಲೆಗಳಲ್ಲಿ ಹುಡುಗರಿಗೆ ವಾದ ಮಾಡಲು ಕಾಲ್ಪನಿಕ ಕೇಸುಗಳನ್ನು ಕೊಡುತ್ತಿದ್ದರು. ಅದರಲ್ಲಿ ವಿಷ ಹಾಕುವ ಮಲತಾಯಿ ಪದೇ ಪದೇ ಬರುತ್ತಾಳೆ. ಅಂಥ ಶಾಲೆಯಲ್ಲೇ ಕಲಿತವರು ಮುಂದೆ ಇತಿಹಾಸ ಬರೆದರು. ಬೇಸಿಗೆಯಲ್ಲಿ ಜ್ವರ, ಭೇದಿಯಿಂದ ಗಟ್ಟಿಮುಟ್ಟಾದ ಯುವಕರೂ ನಾಲ್ಕು ದಿನದಲ್ಲಿ ಸಾಯುತ್ತಿದ್ದ ಕಾಲ ಅದು. ರೋಗಾಣು ಅಂದರೆ ಏನು ಅಂತಲೇ ಗೊತ್ತಿಲ್ಲದಾಗ ಅನುಮಾನ ಮನೆಯ ಹೆಂಗಸಿನ ಮೇಲೆ ಹೋಗುವುದು ತುಂಬಾ ಸುಲಭ. ಇಪ್ಪತ್ತನೇ ಶತಮಾನದಲ್ಲಿ ಒಂದು ಇಂಗ್ಲಿಷ್ ಕಾದಂಬರಿ, ಆಮೇಲೆ ಅದರ ಟಿವಿ ಧಾರಾವಾಹಿ ಈ ಅನುಮಾನವನ್ನೇ ಸತ್ಯ ಅನ್ನುವ ಹಾಗೆ ಮನೆಮನೆಗೆ ಮುಟ್ಟಿಸಿದವು.

ಈ ಕತೆಯ ಮೇಲೆ ನನಗೆ ಇಷ್ಟು ಸಿಟ್ಟು ಬರಲು ಕಾರಣ ಇದೆ. ಲಿವಿಯಾ ನಿಜಕ್ಕೂ ಅಧಿಕಾರ ಇದ್ದವಳು. ಅದಕ್ಕೆ ಕಲ್ಲಿನ ಮೇಲೆ, ಕಂಚಿನ ಮೇಲೆ ಸಾಕ್ಷಿ ಇದೆ. ಅದನ್ನು ಬಿಟ್ಟು ನಾವು ಹಣ್ಣಿನ ಸುದ್ದಿ ಹಿಡಿದುಕೊಂಡು ಕೂತಿದ್ದೇವೆ.

ಟರ್ಕಿಯ ಅಫ್ರೋಡಿಸಿಯಸ್ ಊರಿನ ಹಳೆಯ ನಾಟಕಮಂದಿರದ ಗೋಡೆಯಲ್ಲಿ ಅಗಸ್ಟಸ್‌ನ ಪತ್ರ ಒಂದನ್ನು ಕೆತ್ತಿದ್ದಾರೆ. ಪತ್ರ ಬರೆದಿದ್ದು ಸಾಮೋಸ್ ದ್ವೀಪದವರಿಗೆ. ತಮ್ಮ ಊರಿಗೆ ಸ್ವತಂತ್ರ ನಗರದ ಸ್ಥಾನ ಬೇಕು ಅಂತ ಅವರು ಕೇಳಿದ್ದರು. ಅಗಸ್ಟಸ್ ಆಗಲ್ಲ ಅನ್ನುತ್ತಾನೆ. ಆದರೆ ಹೇಳುವ ರೀತಿ ನೋಡಿ: ನಿಮ್ಮ ಪರವಾಗಿ ಇಷ್ಟು ಓಡಾಡುತ್ತಿರುವ ನನ್ನ ಹೆಂಡತಿಯ ಮಾತು ನಡೆಸಿಕೊಡಲು ನನಗೂ ಇಷ್ಟ, ಆದರೆ ನನ್ನ ಪದ್ಧತಿ ಮುರಿಯುವಷ್ಟಲ್ಲ. ಇದು ಖಾಸಗಿ ಕಾಗದ ಅಲ್ಲ, ಸರ್ಕಾರಿ ಉತ್ತರ. ಸಮುದ್ರದಾಚೆಯ ಊರಿನವರು ಕೆಲಸ ಆಗಲಿ ಅಂತ ಯಾರನ್ನು ಹಿಡಿದಿದ್ದರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಮುಂದೆ ಅಗಸ್ಟಸ್ ಸಾಮೋಸ್‌ನಲ್ಲಿ ಚಳಿಗಾಲ ಕಳೆದಾಗ ಅವರಿಗೆ ಆ ಸ್ಥಾನ ಸಿಕ್ಕಿತು. ಲಿವಿಯಾ ಹೇಳಿದ್ದಕ್ಕೇ ಸಿಕ್ಕಿತು ಅಂತ ನಾನು ವಾದ ಮಾಡಲ್ಲ. ಹೇಳುವವರು ಒಬ್ಬರು ಇದ್ದರು ಅನ್ನುವುದು ಮುಖ್ಯ.

ಇನ್ನೊಂದು ಸಾಕ್ಷಿ ದಕ್ಷಿಣ ಸ್ಪೇನ್‌ನಲ್ಲಿ ಸಿಕ್ಕ ಕಂಚಿನ ಹಲಗೆಗಳು. 1996ರಲ್ಲಿ ಪೂರ್ತಿ ಪಾಠ ಪ್ರಕಟವಾಯಿತು. ಅದು ರೋಮ್‌ನ ಆಡಳಿತ ಸಭೆಯಾದ ಸೆನೆಟ್ ಕ್ರಿ.ಶ. 20ರಲ್ಲಿ ಮಾಡಿದ ನಿರ್ಣಯ. ಲಿವಿಯಾಳ ಮೊಮ್ಮಗ ಜರ್ಮಾನಿಕಸ್‌ನ ಸಾವಿನ ನಂತರ ಸಿರಿಯಾದ ಗವರ್ನರ್ ಪೀಸೋ, ಅವನ ಹೆಂಡತಿ ಪ್ಲಾಂಕಿನಾ ಇಬ್ಬರ ಮೇಲೂ ಆರೋಪ ಬಂದಿತ್ತು. ಪೀಸೋ ಆತ್ಮಹತ್ಯೆ ಮಾಡಿಕೊಂಡ. ಪ್ಲಾಂಕಿನಾ ಬಚಾವಾದಳು. ಯಾಕೆ ಅಂತ ಸೆನೆಟ್ ಮುಚ್ಚಿಡದೆ ಬರೆಸಿದೆ: ಲಿವಿಯಾ ಕೇಳಿಕೊಂಡಳು. ಆಕೆ ಎಲ್ಲ ವರ್ಗದ ಜನರಿಗೂ ಉಪಕಾರ ಮಾಡಿದವಳು, ಸೆನೆಟ್‌ನಲ್ಲಿ ಆಕೆಯ ಮಾತಿಗೆ ಅಪಾರ ಬೆಲೆ ಇರುವುದು ನ್ಯಾಯವೇ, ಆದರೂ ಅದನ್ನು ಆಕೆ ತೀರಾ ಕಡಿಮೆ ಬಳಸುತ್ತಾಳೆ ಅಂತಲೂ ಸೇರಿಸಿದೆ. ಯಾವ ಹುದ್ದೆಯೂ ಇಲ್ಲದ ಹೆಂಗಸಿನ ಒಂದು ಮಾತಿಗೆ ಸೆನೆಟ್ ತಲೆಬಾಗಿತು. ಲಿವಿಯಾಳನ್ನು ಟೀಕಿಸಲೇಬೇಕು ಅಂದರೆ ಇದನ್ನು ಟೀಕಿಸಿ. ಸ್ನೇಹಿತೆಗಾಗಿ ವಿಚಾರಣೆಯ ದಿಕ್ಕನ್ನೇ ಬದಲಿಸಿದ್ದು ತಪ್ಪು ಅಂತ ನನಗೂ ಅನಿಸುತ್ತದೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ: ಆಕೆಯ ದುಡ್ಡು ಎಲ್ಲಿಂದ ಬರುತ್ತಿತ್ತು? ನನ್ನ ಲೆಕ್ಕದಲ್ಲಿ ವಿಷಕ್ಕಿಂತ ಇದು ದೊಡ್ಡ ಪ್ರಶ್ನೆ. ರೋಮ್‌ನಲ್ಲಿ ಅಪ್ಪ ಇಲ್ಲದ ಹೆಂಗಸಿಗೆ ಆಸ್ತಿ ವ್ಯವಹಾರಕ್ಕೆ ಒಬ್ಬ ಗಂಡಸು ಪೋಷಕ ಇರಬೇಕಿತ್ತು. ಕ್ರಿ.ಪೂ. 35ರಲ್ಲೇ ಲಿವಿಯಾ ಮತ್ತು ಅಗಸ್ಟಸ್‌ನ ಅಕ್ಕ ಆಕ್ಟೇವಿಯಾಗೆ ಆ ಕಟ್ಟು ತೆಗೆದುಹಾಕಿದರು. ಅಲ್ಲಿಂದ ಆಕೆಯ ದುಡ್ಡು ಆಕೆಯದೇ. ಈಜಿಪ್ಟ್‌ನಲ್ಲಿ ಜಮೀನು, ಗಾಲ್‌ನಲ್ಲಿ (ಈಗಿನ ಫ್ರಾನ್ಸ್ ಕಡೆ) ತಾಮ್ರದ ಗಣಿ. ಈಗಿನ ಇಸ್ರೇಲ್ ಕಡೆಯ ಜುದೇಯಾದ ರಾಜ ಹೆರೋದನ ತಂಗಿ ಸಲೋಮೆ ಸಾಯುವಾಗ ಯಾಮ್ನಿಯಾ ಪಟ್ಟಣವನ್ನೇ ಲಿವಿಯಾ ಹೆಸರಿಗೆ ಬರೆದಳು. ಅಗಸ್ಟಸ್ ತನ್ನ ಆಸ್ತಿಯ ಮೂರನೇ ಒಂದು ಪಾಲನ್ನು ಆಕೆಗೆ ಬಿಟ್ಟ. ಹೆಂಗಸಿಗೆ ಅಷ್ಟು ಆಸ್ತಿ ಹೋಗಲು ಕಾನೂನು ಬಿಡುತ್ತಿರಲಿಲ್ಲ, ಸೆನೆಟ್‌ನಿಂದ ವಿನಾಯಿತಿ ಪಡೆಯಬೇಕಾಯಿತು.

1726ರಲ್ಲಿ ಅಪ್ಪಿಯನ್ ಹೆದ್ದಾರಿಯ ಪಕ್ಕದಲ್ಲಿ ಆಕೆಯ ಮನೆಯ ಆಳುಗಳ ಸಮಾಧಿ ಸಿಕ್ಕಿತು. ಗೋಡೆ ತುಂಬಾ ಪುಟ್ಟ ಗೂಡುಗಳು, ಗೂಡಿನಲ್ಲಿ ಬೂದಿಯ ಮಡಕೆಗಳು, ಕೆಳಗೆ ಹೆಸರು, ಮಾಡುತ್ತಿದ್ದ ಕೆಲಸ. ತಲೆ ಬಾಚುವವಳು, ಎಣ್ಣೆ ಹಚ್ಚಿ ತಿಕ್ಕುವವಳು, ಸೂಲಗಿತ್ತಿ, ವೈದ್ಯ, ಮುತ್ತು ನೋಡಿಕೊಳ್ಳುವವನು. ರಾಜ್ಯದ ಇತಿಹಾಸ ಬರೆದವರು ಹೆಸರೆತ್ತದ ಈ ಜನ ಆಕೆಯ ಸಂಸಾರ ಎಷ್ಟು ದೊಡ್ಡದು ಅಂತ ತೋರಿಸುತ್ತಾರೆ.

ಕ್ರಿ.ಶ. 29ರಲ್ಲಿ, 80 ದಾಟಿದ ಮೇಲೆ, ಲಿವಿಯಾ ತೀರಿಕೊಂಡಳು. ಟೈಬೀರಿಯಸ್ ತಾಯಿಯ ಅಂತ್ಯಕ್ರಿಯೆಗೂ ಬರಲಿಲ್ಲ. ಉಯಿಲಿನಲ್ಲಿ ಎಲ್ಲರಿಗಿಂತ ದೊಡ್ಡ ಮೊತ್ತ ಹೋಗಬೇಕಿದ್ದಿದ್ದು ಗಾಲ್ಬಾ ಅನ್ನುವ ಯುವಕನಿಗೆ: 5 ಕೋಟಿ ಸೆಸ್ಟರ್ಸ್ (ರೋಮ್‌ನ ನಾಣ್ಯ). ಮೊತ್ತವನ್ನು ಅಕ್ಷರದಲ್ಲಿ ಬರೆಯದೆ ಅಂಕಿಯಲ್ಲಿ ಬರೆದಿದ್ದರು. ಅದನ್ನೇ ನೆಪ ಮಾಡಿ ಟೈಬೀರಿಯಸ್ ಅದನ್ನು 5 ಲಕ್ಷಕ್ಕೆ ಇಳಿಸಿದ. ಅದನ್ನೂ ಕೊಡಲಿಲ್ಲ. ಟೈಬೀರಿಯಸ್‌ನಿಂದ ನೀರೋವರೆಗೆ ಪಟ್ಟದಲ್ಲಿ ಕೂತ ನಾಲ್ವರೂ ಲಿವಿಯಾಳ ಕುಡಿಗಳೇ. ಕ್ರಿ.ಶ. 68ರಲ್ಲಿ ನೀರೋ ಸತ್ತು ಆ ಸಾಲು ಮುಗಿದಾಗ ಚಕ್ರವರ್ತಿಯಾದವನು ಇದೇ ಗಾಲ್ಬಾ. ಮುಂದಿನ ವರ್ಷ ಅವನನ್ನು ಕೊಲ್ಲಿಸಿ ಪಟ್ಟ ಹಿಡಿದ ಓಥೋನ ತಾತ ಬೆಳೆದಿದ್ದು ಲಿವಿಯಾಳ ಮನೆಯಲ್ಲಿ, ಸೆನೆಟ್ ಸೇರಿದ್ದು ಆಕೆಯ ಶಿಫಾರಸಿನಿಂದ.