ಗಿರಿಯ ಬೋಳು ಗುಡ್ಡಗಳಲ್ಲಿ ಬೀಜದುಂಡೆ ಎಸೆಯಬಹುದೇ?

ಓದುಗರ ಪ್ರಶ್ನೆ: ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಗೆ ಹೋದಾಗಲೆಲ್ಲ ಮರವೇ ಇಲ್ಲದ ಗುಡ್ಡಗಳು ಸಾಲುಸಾಲಾಗಿ ಕಾಣುತ್ತವೆ. ಮುಂಗಾರಿಗೆ ಮೊದಲು ನಮ್ಮ ಯುವಕ ಸಂಘದಿಂದ ಅಲ್ಲಿ ಬೀಜದುಂಡೆ ಎಸೆಯಬೇಕೆಂದಿದ್ದೆವು. ಅರಣ್ಯ ಇಲಾಖೆಯ ಸಿಬ್ಬಂದಿಯೊಬ್ಬರು ಬೇಡವೆಂದರು. ಕಾಡು ಬೆಳೆದರೆ ಮಳೆಯೂ ನೀರೂ ಹೆಚ್ಚುವುದಿಲ್ಲವೇ?

ಉತ್ತರ: ಆ ಸಿಬ್ಬಂದಿ ಹೇಳಿದ್ದು ಸರಿ. ನೀವು ಕಂಡ ಗುಡ್ಡಗಳು ಕಾಡು ಕಳೆದುಕೊಂಡು ಬೋಳಾದವಲ್ಲ, ಹುಲ್ಲುಗಾವಲಾಗಿಯೇ ಬಹುಕಾಲದಿಂದ ಉಳಿದುಬಂದ ನೆಲ. ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಿಂದ ಕೆಳಗೆ ನೋಡಿದರೆ, ಗಾಳಿಗೆ ಮೈಯೊಡ್ಡಿದ ಇಳಿಜಾರುಗಳಲ್ಲೆಲ್ಲ ಹುಲ್ಲು, ನೀರಿಳಿದು ಮಣ್ಣು ಕೂಡಿಕೊಳ್ಳುವ ಕಣಿವೆಗಳಲ್ಲಿ ಮಾತ್ರ ಒತ್ತಾಗಿ ಬೆಳೆದ ಕುಳ್ಳ ಮರಗಳ ಶೋಲಾ ಕಾಡು ಇರುವುದು ಸ್ಪಷ್ಟವಾಗಿ ಕಾಣುತ್ತದೆ. ಕುದುರೆಮುಖದಲ್ಲಿಯೂ ಇದೇ ವಿನ್ಯಾಸವಿದೆ. ಇಳಿಜಾರಿನಲ್ಲಿ ಬಂಡೆಯ ಮೇಲಿನ ಮಣ್ಣಿನ ಪದರ ತೆಳುವಾಗಿದ್ದು, ಮಳೆಗಾಲದ ಬಿರುಗಾಳಿ, ಬೇಸಿಗೆಯ ಬೆಂಕಿ ಮತ್ತು ಮೇಯುವ ಪ್ರಾಣಿಗಳು ಸೇರಿ ಮರದ ಸಸಿಗಳನ್ನು ಮೇಲೇಳಗೊಡುವುದಿಲ್ಲ. ನೀಲಗಿರಿಯ ಎತ್ತರಗಳಲ್ಲಾದರೆ ಚಳಿಗಾಲದ ಹಿಮವೂ ಇದೇ ಕೆಲಸವನ್ನು ಮಾಡುತ್ತದೆ. ಹುಲ್ಲಿಗೆ ಮಾತ್ರ ಇದಾವುದೂ ಲೆಕ್ಕಕ್ಕಿಲ್ಲ. ಅದರ ಜೀವವಿರುವುದು ನೆಲದೊಳಗಿನ ಬುಡದಲ್ಲಿ.

ಹಿಂದೆಂದೋ ಜನ ಕಡಿದದ್ದರಿಂದಲೇ ಹೀಗಾಗಿರಬಾರದೇಕೆ ಎಂಬ ಅನುಮಾನ ಸಹಜವಾದದ್ದೇ. ವಿಜ್ಞಾನಿಗಳ ನಡುವೆಯೂ ಅದು ದೀರ್ಘಕಾಲ ಚರ್ಚೆಯಲ್ಲಿತ್ತು. ಇದಕ್ಕೆ ಗಟ್ಟಿಯಾದ ಉತ್ತರ ದೊರೆತದ್ದು ನೀಲಗಿರಿಯ ಜೌಗು ನೆಲಗಳ ಕೆಸರಿನಲ್ಲಿ. ಸಸ್ಯಗಳು ಕೊಳೆತು ಪದರಪದರವಾಗಿ ಕೂತಿರುವ ಆ ಕಪ್ಪು ಮಣ್ಣಿನಲ್ಲಿ ಎರಡು ಬಗೆಯ ಕಾರ್ಬನ್ ಪರಮಾಣುಗಳ ಅನುಪಾತವನ್ನು ಅಳೆದರೆ, ಯಾವ ಕಾಲದಲ್ಲಿ ಅಲ್ಲಿ ಉಷ್ಣವಲಯದ ಹುಲ್ಲು ಹೆಚ್ಚಾಗಿತ್ತು, ಯಾವಾಗ ಮರಗಿಡಗಳು ಹೆಚ್ಚಾಗಿದ್ದವು ಎಂಬುದನ್ನು ಊಹಿಸಬಹುದು. ಏಕೆಂದರೆ ಈ ಎರಡು ಗುಂಪಿನ ಸಸ್ಯಗಳು ಗಾಳಿಯಿಂದ ಕಾರ್ಬನ್ನನ್ನು ಹೀರಿಕೊಳ್ಳುವ ಬಗೆಯೇ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು, ಸುಮಾರು 20,000 ವರ್ಷಗಳ ಹಿಂದಿನವರೆಗೂ ಹೋಗಿ, ಹವಾಮಾನ ಬದಲಾದಂತೆ ಹುಲ್ಲು ಮತ್ತು ಕಾಡು ಹಿಗ್ಗುತ್ತ ಕುಗ್ಗುತ್ತ ಬಂದುದನ್ನು ತೋರಿಸಿತು. ಅಂದರೆ ಆ ಬೆಟ್ಟಗಳಿಗೆ ಕೊಡಲಿ ಹಿಡಿದ ರೈತ ಬರುವುದಕ್ಕೆ ಬಹಳ ಮೊದಲೇ ಅಲ್ಲಿ ಹುಲ್ಲುಗಾವಲಿತ್ತು.

ನೀಲಗಿರಿಯ ಸಾಕ್ಷ್ಯವನ್ನು ಚಿಕ್ಕಮಗಳೂರಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಆ ಮಾತಿನಲ್ಲಿಯೂ ಹುರುಳಿದೆ. ಆದರೆ ಇಲ್ಲಿನ ಹುಲ್ಲಿನಲ್ಲಿ ಬದುಕುವ ಜೀವಿಗಳನ್ನೇ ನೋಡಬಹುದು. 2022ರಲ್ಲಿ ಚಂದ್ರದ್ರೋಣ ಪರ್ವತವನ್ನು ನೀಲಿಯಾಗಿಸಿದ ಕುರಿಂಜಿ ಬಯಲಿನ ಬಿಸಿಲನ್ನು ಬೇಡುವ ಗಿಡ. ವರ್ಷಗಟ್ಟಲೆ ಬೆಳೆದು, ಒಮ್ಮೆ ಸಾಮೂಹಿಕವಾಗಿ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಇದರ ಜೀವನಕ್ರಮ ಮರದ ನೆರಳಿನಲ್ಲಿ ನಡೆಯುವಂಥದ್ದಲ್ಲ. ಪಕ್ಷಿವೀಕ್ಷಕರು ಬ್ರಾಡ್‌ಟೇಲ್ಡ್ ಗ್ರಾಸ್‌ಬರ್ಡ್ ಎಂದು ಕರೆಯುವ, ಪಶ್ಚಿಮಘಟ್ಟಕ್ಕೆ ವಿಶಿಷ್ಟವಾದ ಅಗಲ ಬಾಲದ ಕಂದು ಹಕ್ಕಿ ಗೂಡು ಕಟ್ಟುವುದು ಗುಡ್ಡದ ಎತ್ತರದ ಹುಲ್ಲಿನೊಳಗೆ. ಜೊತೆಗೆ ಕೀಟಗಳನ್ನು ಹಿಡಿದು ತಿನ್ನುವ ಡ್ರೊಸೆರಾ, ಮಳೆಗಾಲದಲ್ಲಿ ಮಾತ್ರ ತಲೆಯೆತ್ತುವ ನೆಲದ ಆರ್ಕಿಡ್‌ಗಳು, ಮೇವಿಗೆ ಬರುವ ಕಡವೆ ಮತ್ತು ಕಾಟಿಗಳು. ಹುಲ್ಲಿಗೇ ಹೊಂದಿಕೊಂಡ ಇಷ್ಟು ಜೀವಿಗಳು ಒಂದೆರಡು ಶತಮಾನಗಳಲ್ಲಿ ವಿಕಾಸವಾಗಲಾರವು. ಹಾಗೆಂದು ಮಲೆನಾಡಿನ ಹುಲ್ಲುಗುಡ್ಡಗಳೆಲ್ಲವೂ ಪುರಾತನವೆಂದು ನಾನು ಹೇಳುತ್ತಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ಕಡಿಮೆ ಎತ್ತರದ ಗುಡ್ಡಗಳಲ್ಲಿ ದನಗಳ ಮೇವಿಗಾಗಿ ವರ್ಷವರ್ಷವೂ ಇಟ್ಟ ಬೆಂಕಿಯಿಂದಾಗಿ ಹುಲ್ಲು ಕಾಡಿನ ಅಂಚನ್ನು ತಿಂದು ಮುಂದೆ ಸರಿದಿರಲೂಬಹುದು. ಅಂಥಲ್ಲಿ ಒಂದೊಂದು ಗುಡ್ಡವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿಯೇ ತೀರ್ಮಾನಿಸಬೇಕು.

ಇನ್ನು ಮಳೆಯ ಮಾತು. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ತಾಗಿ, ಮೇಲೇರಿ, ತಣಿದು ಮಳೆಯಾಗುತ್ತದೆ. ಗುಡ್ಡದ ನೆತ್ತಿಯಲ್ಲಿ ನಾವು ನೆಟ್ಟ ಮರಗಳಿಂದ ಮುಂಗಾರು ಹೆಚ್ಚುವುದಿಲ್ಲ. ಅದೇ ಬೆಟ್ಟದ ಪಶ್ಚಿಮಕ್ಕೆ ಮಳೆ ಸುರಿದು ಪೂರ್ವದ ಕಡೂರು ಒಣಗಿರುವುದು ಇದೇ ಕಾರಣದಿಂದ.

ನೀರಿನ ವಿಷಯ ಇದಕ್ಕಿಂತ ಮುಖ್ಯವಾದದ್ದು, ಏಕೆಂದರೆ ಯಗಚಿಯೂ ವೇದಾವತಿಯೂ ಹುಟ್ಟುವುದು ಈ ಗಿರಿಶ್ರೇಣಿಯಲ್ಲಿಯೇ. ಬಿದ್ದ ಮಳೆಯಲ್ಲಿ ಹುಲ್ಲು ತನಗಾಗಿ ಬಳಸಿಕೊಳ್ಳುವುದು ಕಡಿಮೆ. ಉಳಿದದ್ದು ಮಣ್ಣಿಗಿಳಿದು ಕಣಿವೆಯ ಶೋಲಾದ ಮೂಲಕ ಹಳ್ಳ ಸೇರುತ್ತದೆ. ಬೇಗ ಬೆಳೆಯುವ ಮರಗಳಾದರೋ ಬೇಸಿಗೆಯಲ್ಲಿಯೂ ಆಳದಿಂದ ನೀರೆಳೆದು ಎಲೆಗಳ ಮೂಲಕ ಆವಿಯಾಗಿಸುತ್ತವೆ. ಊಟಿಯ ಹತ್ತಿರದ ಗ್ಲೆನ್‌ಮಾರ್ಗನ್‌ನಲ್ಲಿ ಕೇಂದ್ರೀಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧಕರು ಅಕ್ಕಪಕ್ಕದ ಎರಡು ಸಣ್ಣ ಜಲಾನಯನಗಳಲ್ಲಿ ಒಂದನ್ನು ಹುಲ್ಲಾಗಿಯೇ ಬಿಟ್ಟು, ಇನ್ನೊಂದರ ಬಹುಭಾಗದಲ್ಲಿ ನೀಲಗಿರಿ ಮರಗಳನ್ನು ಬೆಳೆಸಿ ಹೋಲಿಸಿದಾಗ, ಮೊದಲ ಹತ್ತು ವರ್ಷಗಳ ಅವಧಿಯಲ್ಲಿಯೇ ಮರ ನೆಟ್ಟ ಕಡೆ ಹರಿದುಬರುವ ನೀರು ಸರಾಸರಿ ಶೇ. 16ರಷ್ಟು ಕಡಿಮೆಯಾಗಿತ್ತು.

ನೆಟ್ಟ ಮರಗಳು ನೆಟ್ಟಲ್ಲಿಯೇ ಉಳಿಯುವುದೂ ಇಲ್ಲ. ತಮಿಳುನಾಡಿನ ಪಳನಿ ಬೆಟ್ಟಗಳ 1973ರಿಂದೀಚಿನ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಾಲ್ಕು ದಶಕಗಳಲ್ಲಿ ಅಲ್ಲಿನ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ಮರದ ನೆಡುತೋಪು ಮತ್ತು ಕೃಷಿಗೆ ಆಹುತಿಯಾಯಿತು. ಅಲ್ಲಿ ಮುಖ್ಯ ಶತ್ರು ಆಸ್ಟ್ರೇಲಿಯಾ ಮೂಲದ ವಾಟಲ್. ನಮ್ಮ ಕಡೆಯ ಅಕೇಶಿಯಾ ಅದರ ದಾಯಾದಿ. ಕೈತಪ್ಪಿದ ಮೇಲೆ ಸರಿಪಡಿಸುವುದೂ ಸುಲಭವಲ್ಲ: ವಾಟಲ್ ಕಡಿದರೆ ಮಣ್ಣಿನಲ್ಲಿ ಹುದುಗಿದ ಅದರ ಬೀಜಗಳು ಮತ್ತೆ ಒಮ್ಮೆಗೇ ಮೊಳೆಯುತ್ತವೆ, ಇನ್ನು ಹಳೆಯ ತೋಪುಗಳ ನೆರಳಿನಲ್ಲಿ ಶೋಲಾದ ಸಸಿಗಳೇ ಬೆಳೆಯುತ್ತಿದ್ದರೆ ಕಡಿಯುವುದೇ ತಪ್ಪಾಗಬಹುದು.

ಇಷ್ಟೆಲ್ಲ ಗೊತ್ತಿದ್ದೂ ಹುಲ್ಲುಗಾವಲಿನಲ್ಲಿ ಗಿಡ ನೆಡುವುದು ಏಕೆ ನಿಂತಿಲ್ಲವೆಂದರೆ, ನಮ್ಮ ಲೆಕ್ಕಪುಸ್ತಕಗಳಿಗೆ ಹುಲ್ಲು ಕಾಣಿಸುವುದೇ ಇಲ್ಲ. ಭಾರತೀಯ ಅರಣ್ಯ ಸಮೀಕ್ಷೆಯು ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಮರಗಳ ತಲೆಹೊದಿಕೆ ಶೇ. 10ಕ್ಕಿಂತ ಹೆಚ್ಚಿರುವ ನೆಲವನ್ನು ಅರಣ್ಯ ಹೊದಿಕೆಯೆಂದು ಎಣಿಸುತ್ತದೆ. ಆ ಅಳತೆಯಲ್ಲಿ ಗಿರಿಯ ಹುಲ್ಲು ಸೊನ್ನೆ, ಅಕೇಶಿಯಾ ತೋಪು ಮಾತ್ರ ಕಾಡು. ಬೇರೆಲ್ಲೋ ಕಡಿದ ಅರಣ್ಯಕ್ಕೆ ಬದಲಾಗಿ ಗಿಡ ನೆಡಲು ಜಾಗ ಹುಡುಕುವವರಿಗೂ ಬೋಳು ಗುಡ್ಡವೇ ಮೊದಲು ಕಣ್ಣಿಗೆ ಬೀಳುತ್ತದೆ. ನನ್ನ ದೃಷ್ಟಿಯಲ್ಲಿ ಯುವಕ ಸಂಘಗಳ ಉತ್ಸಾಹಕ್ಕಿಂತ ಈ ಅಳತೆಗೋಲೇ ದೊಡ್ಡ ಅಪಾಯ.

ನಿಮ್ಮ ಬೀಜದುಂಡೆಗಳ ಬಗ್ಗೆ ಹೇಳುವುದಾದರೆ, ಸಾಮಾನ್ಯವಾಗಿ ಅವುಗಳಲ್ಲಿ ತುಂಬುವ ಹೊಂಗೆ, ಹುಣಸೆ, ಬೇವು ಬಯಲುಸೀಮೆಯ ಮರಗಳಾಗಿದ್ದು, ಗಿರಿಯ ಗಾಳಿ ಮತ್ತು ಚಳಿಗೆ ಬದುಕುವ ಸಾಧ್ಯತೆ ತೀರ ಕಡಿಮೆ. ಅವನ್ನು ಕಡೂರು, ಅರಸೀಕೆರೆ ಕಡೆಯ ಕೆರೆಯಂಗಳದ ಅಂಚಿಗೂ ರಸ್ತೆಬದಿಗೂ ಒಯ್ಯಿರಿ. ಮಲೆನಾಡಿನಲ್ಲಿಯೇ ನೆಡಬೇಕೆಂದಿದ್ದರೆ, ಸಿಲ್ವರ್ ಓಕ್ ಒಂದೇ ತುಂಬಿರುವ ಕಾಫಿ ತೋಟಗಳಲ್ಲಿ ಅತ್ತಿ, ಬಸರಿ, ಹಲಸು, ಹೊನ್ನೆಯಂಥ ನೆರಳುಮರಗಳಿಗೆ ಬೇಕಾದಷ್ಟು ಜಾಗವಿದೆ. ಪರಿಚಯದ ಬೆಳೆಗಾರರನ್ನು ಕೇಳಿ ನೋಡಿ. ಗಿರಿಯ ಮೇಲೆಯೇ ಏನಾದರೂ ಮಾಡಬೇಕೆಂದಿದ್ದರೆ, ಹುಲ್ಲಿನೊಳಗೆ ತಲೆಯೆತ್ತುತ್ತಿರುವ ಅಕೇಶಿಯಾ ಸಸಿಗಳನ್ನು ಮಳೆಗಾಲದಲ್ಲಿ, ನೆಲ ಮೆತ್ತಗಿರುವಾಗ, ಬೇರುಸಹಿತ ಕೀಳುವ ಕೆಲಸಕ್ಕೆ ವಲಯ ಅರಣ್ಯಾಧಿಕಾರಿಯವರ ಲಿಖಿತ ಅನುಮತಿ ಕೇಳಿರಿ. ಮೊಣಕಾಲೆತ್ತರ ಮೀರಿದ ಮೇಲೆ ಅವು ಕೈಗೆ ಸುಲಭವಾಗಿ ಬರುವುದಿಲ್ಲ.