"ವಯಸ್ಸಾತಲ್ರಿ, ಹಂಗೇ ಇರ್ತದ" ಅಂತ ಕೈ ಬಿಡಬ್ಯಾಡ್ರಿ

ಅರವತ್ತು ಎಪ್ಪತ್ತು ದಾಟಿದ ಹಿರ್ಯಾರು ನನ್ನ ಮುಂದ ಕುಂತು "ನನಗ ಡಿಪ್ರೆಷನ್ ಆಗ್ಯದ" ಅಂತ ಹೇಳೋದು ಭಾಳ ಕಮ್ಮಿ, "ಮನಸ್ಸಿಗೆ ಬ್ಯಾಸರ" ಅನ್ನೋ ಮಾತೂ ಜಲ್ದಿ ಬಾಯಿಗೆ ಬರಂಗಿಲ್ಲ. ಬರೋದು ಏನಪಾ ಅಂದ್ರ ಗ್ಯಾಸ್ ಎದಿಗೆ ಏರ್ತದ, ಮೈಯೆಲ್ಲಾ ಉರಿ, ಕಾಲಾಗ ಶಕ್ತಿ ಇಲ್ಲ, ತಲಿ ಜುಮ್ ಅಂತದ, ನಿದ್ದಿ ಇಲ್ಲ. ಮಗನ ಕೈಯಾಗ ಒಂದು ಪ್ಲಾಸ್ಟಿಕ್ ಚೀಲ, ಅದರಾಗ ಇಸಿಜಿ, ಸ್ಕ್ಯಾನಿಂಗ್, ಎಂಡೋಸ್ಕೋಪಿ, ಕಲಬುರಗಿದು ಮುಗದು ಸೋಲಾಪುರ, ಹೈದರಾಬಾದಿಂದೂ ರಿಪೋರ್ಟ್ ಇರ್ತಾವ. ಎಲ್ಲಾ ನಾರ್ಮಲ್. ಕಡೀಕ ಮಗ ಮೆಲ್ಲಕ ಹೇಳ್ತಾನ, "ವಯಸ್ಸಾತಲ್ರಿ ಸರ್, ಹಂಗೇ ಇರ್ತದ."

ಈ ಮಾತು ನಾ ಒಪ್ಪಂಗಿಲ್ಲ. ವಯಸ್ಸಾದ್ರ ಮೊಣಕಾಲು ನೋಯ್ತಾವ, ಕಣ್ಣು ಮಂಜಾಗ್ತಾವ, ನಿದ್ದಿ ಸ್ವಲ್ಪ ಕಮ್ಮಿ ಆಗ್ತದ, ಖರೇ ಅದ. ಆದ್ರ ಮೊಮ್ಮಗ ತೊಡಿ ಮ್ಯಾಲ ಬಂದು ಕುಂತ್ರೂ ಖುಷಿ ಆಗಂಗಿಲ್ಲ ಅಂದ್ರ ಅದು ವಯಸ್ಸಿನ ಲಕ್ಷಣ ಅಲ್ಲ, ಅದು ರೋಗ, ಅದಕ್ಕ ಔಷಧ ಅದ. ಕೇಂದ್ರ ಸರ್ಕಾರ 2017-18ರಾಗ ದೇಶದ ತುಂಬ ಹಿರಿಯರ ಬಗ್ಗೆ ಲಾಸಿ ಅಂತ ದೊಡ್ಡ ಸರ್ವೇ ಮಾಡಿಸ್ತು. ಪ್ರಶ್ನೆ ಕೇಳಿ ನೋಡಿದಾಗ ಅರವತ್ತು ದಾಟಿದವರೊಳಗ ಶೇ. 8.3 ಮಂದಿಗೆ ಡಿಪ್ರೆಷನ್ ಇರೋ ಸಾಧ್ಯತೆ ಕಂಡ್ತು, ಆದ್ರ "ನನಗ ಡಾಕ್ಟ್ರು ಈ ರೋಗ ಅದ ಅಂತ ಹೇಳ್ಯಾರ" ಅಂದವರು ಶೇ. 1ರಷ್ಟೂ ಇಲ್ಲ. ಉಳಿದವರೆಲ್ಲಾ ಮನ್ಯಾಗ ಸುಮ್ನ ಮಲಗ್ಯಾರ ಅಂತ ಅರ್ಥ.

ಹಂಗಾದ್ರ ಗುರ್ತು ಹಿಡಿಯೋದು ಹೆಂಗ? ನಾ ಮೊದಲ ಕೇಳೋದು ಒಂದೇ, ಆರು ತಿಂಗಳ ಹಿಂದ ಇವರು ಹೆಂಗಿದ್ರು, ಏನು ಬಿಟ್ಟಾರ. ಆಳಂದ ಕಡಿಯಿಂದ ಒಬ್ರು ಆಯಿ ಬಂದಿದ್ರು, ಗುರ್ತು ಸಿಗಬಾರದಂತ ಒಂದೆರಡು ವಿವರ ಬದಲಿಸೀನಿ. ಕಂಪ್ಲೇಂಟ್ ಏನು, ಹೊಟ್ಟಿ ಉರಿ. ಸೊಸಿಗೆ ಕೇಳಿದ್ರ, "ತೊಗರಿ ರಾಶಿ ಟೈಮಿಗೆ ಹೊಲಕ್ಕ ಯಾರು ಬಂದಾರ ಯಾರು ಬಂದಿಲ್ಲ ಎಲ್ಲಾ ಲೆಕ್ಕಾ ಇವರೇ ಇಡ್ತಿದ್ರು ಸರ್, ಈ ಸಲ ಬೆಳಿ ಬಂತೋ ಇಲ್ಲೋ ಅಂತನೂ ಕೇಳ್ಲಿಲ್ಲ, ಗುಡಿಗೆ ಹೋಗೋದೂ ಬಿಟ್ಟಾರ" ಅಂದ್ಳು. ಆಯಿ, ಮುಂಜಾನಿ ಎಷ್ಟಕ್ಕ ಎಚ್ಚರ ಆಗ್ತದ್ರಿ ಅಂತ ಕೇಳಿದೆ. "ಮೂರಕ್ಕೇ ಎದ್ದು ಕುಂದರ್ತೀನ್ರಿ, ಬೆಳಗಾಗೂದೇ ಬ್ಯಾಡ ಅನಸ್ತದ" ಅಂದ್ರು. ರೊಟ್ಟಿ? "ಅರ್ಧ ರೊಟ್ಟಿ ಮಣ್ಣು ತಿಂದಂಗ ಆಗ್ತದ." ಅಷ್ಟೂ ಮಾತಿನಾಗ ಅಳಲಿಲ್ಲ. ಹಿರ್ಯಾರೊಳಗ ಭಾಳ ಮಂದಿ ಅಳಂಗೇ ಇಲ್ಲ, ಅಳು ಕಾಣಲಿಲ್ಲ ಅಂತ ಡಿಪ್ರೆಷನ್ ಇಲ್ಲ ಅನ್ನಬ್ಯಾಡ್ರಿ. ಕೆಲವರು, ಅದರಾಗೂ ಗಂಡಸರು, ಬರೇ ಸಿಡಿಸಿಡಿ ಅಂತಿರ್ತಾರ, ಮನಿ ಮಂದಿ "ಮುತ್ಯಾಗ ಸಿಟ್ಟು ಜಾಸ್ತಿ ಆಗ್ಯದ" ಅಂತ ದೂರ ಇರ್ತಾರ, ಅವರು ಇನ್ನಷ್ಟು ಒಂಟಿ ಆಗ್ತಾರ.

ಇಂಥಾ ಲಕ್ಷಣ ಎರಡು ವಾರದ ಮ್ಯಾಲೂ ದಿನಾ ಇದ್ವು ಅಂದ್ರ ತೋರಿಸ್ಲೇಬೇಕು. ನಾವು ಬಳಸೋ ಜೇರಿಯಾಟ್ರಿಕ್ ಡಿಪ್ರೆಷನ್ ಸ್ಕೇಲ್, ಅಂದ್ರ ಹಿರ್ಯಾರ ಡಿಪ್ರೆಷನ್ ಅಳಿಯೋ ಪ್ರಶ್ನಾವಳಿ, 1982ರಿಂದ ಅದ, ಅದರ ಸಣ್ಣ ರೂಪದಾಗ 15 ಪ್ರಶ್ನೆ, ಹೌದು ಇಲ್ಲ ಅಷ್ಟೇ ಉತ್ತರ. ಅದರಾಗ ಮೈಕೈ ನೋವಿನ ಪ್ರಶ್ನೆ ಬೇಕಂತಲೇ ಇಟ್ಟಿಲ್ಲ, ಯಾಕಂದ್ರ ಆ ವಯಸ್ಸಿನಾಗ ನೋವು ಬ್ಯಾರೆ ಕಾರಣಕ್ಕೂ ಇರ್ತದ. ಜೀವನ ಖಾಲಿ ಅನಸ್ತದೇನು, ಹೊರಗ ಹೋಗೋದಕ್ಕಿಂತ ಮನ್ಯಾಗೇ ಇರೋದು ಬೇಕನಸ್ತದೇನು, ಇಂಥವು ಕೇಳ್ತೀವಿ.

ಮರೆವಿನ ಬಗ್ಗೆ ಒಂದು ಮಾತು. "ನನಗ ಏನೂ ನೆನಪ ಉಳಿಯಂಗಿಲ್ಲ" ಅಂತ ತಾವೇ ಬಂದು ಹೇಳ್ಕೊಳ್ಳೋರು, ಏನು ಕೇಳಿದ್ರೂ "ಗೊತ್ತಿಲ್ರಿ" ಅಂತ ಕೈಚೆಲ್ಲೋರು, ಅದೂ ಕೆಲವೇ ವಾರದಾಗ ಹಿಂಗಾದವರು, ಇವರಿಗೆ ಮೊದಲ ಡಿಪ್ರೆಷನ್ ನೋಡಬೇಕು. ಡಿಮೆನ್ಷಿಯಾ, ಅಂದ್ರ ಮಿದುಳಿನ ಮರೆವಿನ ರೋಗ, ಬಂದವರಿಗೆ ತಮ್ಮ ಮರೆವು ತಮಗೇ ಅಷ್ಟು ತಿಳಿಯಂಗಿಲ್ಲ, ಅದು ವರ್ಷಗಟ್ಟಲೆ ಮೆಲ್ಲಕ ಬರ್ತದ. ಎರಡೂ ಕೂಡೇ ಇರೋದೂ ಅದ, ಅದಕ್ಕ ಮನಸ್ಸು ಸುಧಾರಿಸಿದ ಮ್ಯಾಲೂ ನೆನಪಿನ ಟೆಸ್ಟ್ ಮತ್ತೊಮ್ಮೆ ಮಾಡ್ತೀವಿ. ನಿನ್ನೆ ತನಕ ಚಂದ ಇದ್ದವರು ಒಂದೆರಡು ದಿನದಾಗ ದಿಕ್ಕು ತಪ್ಪಿದಂಗ ಮಾತಾಡಿದ್ರ ಅದು ಬ್ಯಾರೇನೇ, ಸೋಂಕೋ ರಕ್ತದಾಗಿನ ಸೋಡಿಯಂ (ಉಪ್ಪಿನಂಶ) ಕಮ್ಮಿ ಆಗಿದ್ದೋ ಇರ್ತದ, ಅವತ್ತೇ ದವಾಖಾನಿಗೆ ಒಯ್ಯಬೇಕು.

ಗುಳಿಗಿ ಬರೆಯೋಕಿಂತ ಮೊದಲ ರಕ್ತ ನೋಡಬೇಕು, ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಶುಗರ್, ಸೋಡಿಯಂ. ಥೈರಾಯ್ಡ್ ಕಮ್ಮಿ ಇದ್ರೂ ಹಿಂಗೇ ಮಂಕಾಗ್ತಾರ. ಲಕ್ವಾ ಹೊಡೆದ ಮ್ಯಾಲ, ಕೈಕಾಲು ನಡುಗೋ ಪಾರ್ಕಿನ್ಸನ್ ರೋಗ ಇದ್ದವರಿಗೆ ಡಿಪ್ರೆಷನ್ ಬರೋದು ಭಾಳ, ಅವರನ್ನಂತೂ ಕೇಳದೇ ಬಿಡಬಾರದು.

ಔಷಧದ ವಿಷಯಕ್ಕ ಬರ್ತೀನಿ, ಇಲ್ಲೇ ಮನಿ ಮಂದಿ ತಾಳ್ಮಿ ಕಳ್ಕೋತಾರ. ಡಿಪ್ರೆಷನ್ನಿನ ಗುಳಿಗಿ ಸರ್ಟ್ರಾಲಿನ್ ಆದ್ರ 25 ಮಿಲಿಗ್ರಾಂ, ಎಸಿಟಾಲೋಪ್ರಾಂ ಆದ್ರ 5 ಮಿಲಿಗ್ರಾಂ, ಇಷ್ಟು ಸಣ್ಣ ಡೋಸಿಂದ ಸಾಮಾನ್ಯವಾಗಿ ಚಾಲೂ ಮಾಡಿ ಮೆಲ್ಲಕ ಏರಸ್ತೀವಿ. ಮೊದಲ ವಾರ ಹೊಟ್ಟಿ ತೊಳಸಿದಂಗ ಆಗಬಹುದು, ಗುಣ ಕಾಣ್ಲಿಕ್ಕ ನಾಲ್ಕರಿಂದ ಆರು ವಾರ ಬೇಕು, ಹಿರ್ಯಾರಿಗೆ ಕೆಲವೊಮ್ಮೆ ಎಂಟು ಹನ್ನೆರಡು ವಾರನೂ ಹಿಡೀತದ. ಹತ್ತು ದಿನಕ್ಕ "ಏನೂ ಫರಕ್ ಇಲ್ಲ" ಅಂತ ಬಿಟ್ಟು ಮತ್ತೊಬ್ಬ ಡಾಕ್ಟ್ರ ಹತ್ರ ಹೋದ್ರ ಎಲ್ಲಾ ಮತ್ತ ಮೊದಲಿಂದ. ಸೋಡಿಯಂ ಇಳಿಯೋದು ಈ ಗುಳಿಗಿಗಳ ಒಂದು ತೊಂದ್ರಿ, ಬಿಪಿಗಂತ ಮೂತ್ರ ಜಾಸ್ತಿ ಮಾಡೋ ಗುಳಿಗಿ ತಗೊಳ್ಳೋರಿಗೆ ಇನ್ನೂ ಜಾಸ್ತಿ, ಅದಕ್ಕ ಶುರು ಮಾಡಿದ ಕೆಲವು ವಾರದಾಗ ರಕ್ತ ಮತ್ತ ನೋಡ್ತೀವಿ, ನಮ್ಮ ಕಡಿ ಏಪ್ರಿಲ್ ಮೇ ಬಿಸಲಾಗ ನಾನಂತೂ ಇದನ್ನ ಮರೆಯಂಗಿಲ್ಲ. ಆಸ್ಪಿರಿನ್, ನೋವಿನ ಗುಳಿಗಿ ನಡದಿದ್ರ ಹೇಳ್ರಿ, ಅವು ಈ ಡಿಪ್ರೆಷನ್ ಗುಳಿಗಿ ಕೂಡ ಸೇರಿದ್ರ ಹೊಟ್ಯಾಗ ರಕ್ತಸ್ರಾವ ಆಗೋ ಸಂಭವ ಹೆಚ್ಚು. ನಿದ್ದಿನೂ ಇಲ್ಲ ತೂಕನೂ ಇಳದದ ಅಂದ್ರ ಮಿರ್ಟಾಜಪಿನ್ ಅನ್ನೋ ಗುಳಿಗಿ ಛಲೋ ಆಗ್ತದ.

ನನಗ ಸಂಕಟ ಆಗೋದು ಯಾವಾಗ ಅಂದ್ರ, ಮೆಡಿಕಲ್ ಶಾಪಿಂದ ನಿದ್ದಿಗಂತ ಅಲ್ಪ್ರಜೋಲಾಂ ತಂದು ವರ್ಷಗಟ್ಟಲೆ ನುಂಗ್ತಾರಲ್ಲ, ಆವಾಗ. ಅದು ಚಟ ಹಿಡಸ್ತದ, ಮರೆವು ಹೆಚ್ಚು ಮಾಡ್ತದ, ರಾತ್ರಿ ಎದ್ದಾಗ ಬಿದ್ದು ಸೊಂಟದ ಎಲುಬು ಮುರಕೊಂಡವರು ಅದಾರ. ಅಂತ ಹೇಳಿ ಇವತ್ತೇ ನಿಲ್ಲಿಸಬ್ಯಾಡ್ರಿ, ಡಾಕ್ಟ್ರನ್ನ ಕೇಳಿ ಸ್ವಲ್ಪ ಸ್ವಲ್ಪ ಇಳಸಬೇಕು.

ಊಟನೇ ಬಿಟ್ಟವರು, "ನನ್ನ ಕರಳು ಕೊಳ್ತು ಹೋಗ್ಯಾವ" ಅಂಥಾ ಭ್ರಮಿ ಬಂದವರು, ಇವರಿಗೆ ಇಸಿಟಿ, ಮಂದಿ ಕರೆಂಟ್ ಕೊಡೋದು ಅಂತಾರಲ್ಲ, ಅದು ಭಾಳ ಬೇಗ ಕೆಲಸ ಮಾಡ್ತದ. ಅರಿವಳಿಕೆ ಕೊಟ್ಟು ಮಾಡ್ತಾರ, ನೋವು ಇರಂಗಿಲ್ಲ, ಕೆಲವು ದಿನ ಇಲ್ಲಾ ವಾರ ಸ್ವಲ್ಪ ಮರೆವು ಆಗಬಹುದು. ಹೆದರಿ ಬ್ಯಾಡ ಅನ್ನೋಕಿಂತ ಮೊದಲ ಕುಂತು ಕೇಳ್ರಿ.

ಗುಳಿಗಿ ಅಷ್ಟೇ ಸಾಕಾಗಂಗಿಲ್ಲ ಅನ್ನೋದೂ ಅಷ್ಟೇ ಖರೇ. ಮಕ್ಕಳು ಬೆಂಗಳೂರು, ಪುಣಾ, ಮುಂಬೈ ಅಂತ ದುಡಿಲಿಕ್ಕ ಹೋಗ್ಯಾರ, ತಾಂಡಾದಾಗ ಮುದುಕರು, ಸಣ್ಣ ಮೊಮ್ಮಕ್ಕಳು ಅಷ್ಟೇ. ಗೋವಾದಾಗ ಅರವತ್ತು ದಾಟಿದ 181 ಮಂದಿ ಮ್ಯಾಲ ಒಂದು ಅಧ್ಯಯನ ಆತು, 2019ರಾಗ ಪ್ರಕಟ ಆತು. ಡಾಕ್ಟ್ರಲ್ಲದ, ತರಬೇತಿ ತಗೊಂಡ ಸಾಮಾನ್ಯ ಮಂದಿ ಅವರೊಳಗ ಒಂದು ಗುಂಪಿನ ಕೂಡ ಕುಂತು ಸಮಸ್ಯೆ ಬಗೆಹರಿಸೋ ದಾರಿ, ನಿದ್ದಿ ಸರಿ ಮಾಡ್ಕೊಳ್ಳೋದು ಹೇಳಿಕೊಟ್ರು. ಒಂದು ವರ್ಷದಾಗ ಇವರೊಳಗ ಶೇ. 4ರಷ್ಟು ಮಂದಿಗೆ ಡಿಪ್ರೆಷನ್ ಬಂತು, ಉಳಿದ ಗುಂಪಿನಾಗ ಶೇ. 14. ಮನ್ಯಾಗ ನೀವು ಮಾಡೋದು ದೊಡ್ಡದೇನಿಲ್ಲ, ಕಿವಿ ಕೇಳಸದಿದ್ರ ಮಷಿನ್ ಹಾಕಸ್ರಿ, ಕಣ್ಣಿನ ಪೊರೆ ತೆಗಸ್ರಿ, ಸಂಜಿಕ ಕಟ್ಟಿ ತನಕ ಕರಕೊಂಡು ಹೋಗ್ರಿ, ಕಾಯಿಪಲ್ಯ ಸೋಸೋದೋ ಶೇಂಗಾ ಬಿಡಿಸೋದೋ ಕೈಗೆ ಒಂದು ಕೆಲಸ ಕೊಡ್ರಿ. "ಧೈರ್ಯ ತಗೋರಿ, ಟೆನ್ಷನ್ ಮಾಡ್ಕೋಬ್ಯಾಡ್ರಿ" ಅಂತ ಉಪದೇಶ ಮಾತ್ರ ಬ್ಯಾಡ, ಅದು ಅವರಾಗ ಇದ್ದಿದ್ರ ಅವರೇ ತಗೋತಿದ್ರು.

"ದೇವ್ರು ಯಾವಾಗ ಕರ್ಕೋತಾನೋ" ಅಂತ ಹಿರ್ಯಾರು ಅನ್ನೋದು ನಮ್ಮಲ್ಲಿ ಸಾಮಾನ್ಯ. ಆದ್ರ ಮ್ಯಾಲೆ ಹೇಳಿದ ಲಕ್ಷಣದ ಕೂಡ ಈ ಮಾತು ಬಂದ್ರ ನೇರವಾಗಿ ಕೇಳ್ರಿ, "ಸಾಯಬೇಕು ಅಂತ ಅನಸ್ಲಿಕತ್ತದೇನ್ರಿ?" ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಹೊಗ್ತದ ಅನ್ನೋದು ಸುಳ್ಳು, ಕೇಳಿದ್ರ ಅವರಿಗೆ ಹಗುರ ಆಗ್ತದ. ಹೌದು ಅಂದ್ರ ಒಬ್ಬರನ್ನೇ ಬಿಡಬ್ಯಾಡ್ರಿ, ಹತ್ತಿ ತೊಗರಿಗೆ ಹೊಡಿಯೋ ಎಣ್ಣಿ (ಕೀಟನಾಶಕ) ಮನ್ಯಾಗ ಇಡದೇ ಬ್ಯಾರೆ ಕಡಿ ಕೀಲಿ ಹಾಕಿ ಇಡ್ರಿ, ಗುಳಿಗಿ ನೀವೇ ಎಣಿಸಿ ಕೊಡ್ರಿ, ಅವತ್ತೇ ಡಾಕ್ಟ್ರಿಗೆ ತೋರಸ್ರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ರಾತ್ರಿ ಹಗಲು ಯಾವಾಗ ಬೇಕಾದ್ರೂ ಫೋನ್ ಹಚ್ಚಬಹುದು, ರೊಕ್ಕ ಇಲ್ಲ, ಕನ್ನಡದಾಗೇ ಮಾತಾಡ್ತಾರ.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡಿ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರಿ ಅದಾವ, ಮನೋರೋಗ ವಿಭಾಗಕ್ಕ ತೋರಿಸಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಾಗ ತಾಲೂಕು ಆಸ್ಪತ್ರಿಗೂ ಮನೋರೋಗ ತಜ್ಞರು ಮಂಗಳವಾರ ಬರೋ ವ್ಯವಸ್ಥಾ ಅದ, ಹೋಗೋ ಮೊದಲ ಆಶಾ ಕಾರ್ಯಕರ್ತೆಗೆ ಒಮ್ಮೆ ಕೇಳ್ಕೊಳ್ರಿ. ಬರುವಾಗ ಈಗ ತಗೊಳ್ಳೋ ಎಲ್ಲಾ ಗುಳಿಗಿ ಚೀಲದ ಸಮೇತ ತರ್ರಿ. ಮತ್ತ ದಿನಾ ಅವರ ಕೂಡ ಇರೋರು ಬರ್ರಿ, ಊರಿಂದ ಎರಡು ದಿನಕ್ಕಂತ ಬಂದ ಮಗನಿಗಿಂತ ರಾತ್ರಿ ಎಷ್ಟು ಸಲ ಎದ್ರು, ರೊಟ್ಟಿ ಎಷ್ಟು ಉಳೀತು ಅನ್ನೋದು ಸೊಸಿಗೇ ಚಂದ ಗೊತ್ತಿರ್ತದ.